ಬೆಳವಣಿಗೆಯ ಭಾಷಾ ನ್ಯೂನತೆ ಮತ್ತು ವ್ಯಾಕರಣ

ಕಿವಿ ಚೆನ್ನಾಗಿ ಕೇಳಿಸುತ್ತದೆ, ಆಟಪಾಠದಲ್ಲೂ ಚುರುಕು; ಆದರೂ ಕೆಲವು ಮಕ್ಕಳಿಗೆ ಮಾತಿನ ವ್ಯಾಕರಣ ಬೇಗ ಒಲಿಯುವುದಿಲ್ಲ. ‘ನಿರ್ದಿಷ್ಟ ಭಾಷಾ ನ್ಯೂನತೆ’ ಎನ್ನಲಾಗುತ್ತಿದ್ದ ಈ ಸ್ಥಿತಿಗೆ ಈಗಿನ ಹೆಸರನ್ನು ಸೂಚಿಸಿದ್ದು 2017ರಲ್ಲಿ, ಡೊರೊಥಿ ಬಿಷಪ್ ಮುಂದಾಳತ್ವದ ತಜ್ಞರ ತಂಡ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಶಿಶುವಿಹಾರದ ನೂರು ಮಕ್ಕಳಲ್ಲಿ ಸುಮಾರು 7 ಮಂದಿಯಲ್ಲಿ ಇದನ್ನು ಗುರುತಿಸಿತು.

ಇಂಗ್ಲಿಷ್ ಮಕ್ಕಳಲ್ಲಿ ಪೆಟ್ಟು ಬೀಳುವುದು ಕ್ರಿಯಾಪದದ ಬಾಲಕ್ಕೆ. ‘ಶಿ ವಾಕ್ಸ್’ ಎನ್ನಬೇಕಾದಲ್ಲಿ ‘ಶಿ ವಾಕ್’. ‘ಜಂಪ್ಡ್’ ಬದಲು ಬರೀ ‘ಜಂಪ್’. ಎರಡು-ಮೂರು ವರ್ಷದ ಯಾವ ಮಗುವೂ ಹೀಗೆ ಮಾತಾಡೀತು, ಆದರೆ ಇವರು ಶಾಲೆ ಸೇರಿದ ಮೇಲೂ ಹಾಗೇ ಮುಂದುವರಿಯುತ್ತಾರೆ. ಕುತೂಹಲದ ಸಂಗತಿಯೆಂದರೆ, ಪ್ರತ್ಯಯವನ್ನು ಬಿಡುತ್ತಾರೆಯೇ ಹೊರತು ತಪ್ಪು ಜಾಗಕ್ಕೆ ಅಂಟಿಸುವುದು ಅಪರೂಪ: ‘ಐ ವಾಕ್ಸ್’ ಕೇಳಿಬರುವುದು ಕಡಿಮೆ. ಕಾಲಸೂಚನೆಯನ್ನು ಅವರು ಬಹುಕಾಲ ಐಚ್ಛಿಕವೆಂದು ಭಾವಿಸುತ್ತಾರೆ ಎಂಬುದು ಮೇಬಲ್ ರೈಸ್ ಮತ್ತು ಕೆನೆತ್ ವೆಕ್ಸ್ಲರ್ 1995ರಲ್ಲಿ ಮಂಡಿಸಿದ ವಾದ.

ಇಟಾಲಿಯನ್ ಮಕ್ಕಳ ಕಥೆಯೇ ಬೇರೆ. ಅವರ ವರ್ತಮಾನ ಕ್ರಿಯಾರೂಪಗಳು ಬಹುಮಟ್ಟಿಗೆ ಸರಿ. ಜಾರುವುದು ಉಪಪದ ಮತ್ತು ಕಿರು ಸರ್ವನಾಮಗಳು.

ಕನ್ನಡದಲ್ಲಿ ‘ಬಂದನು, ಬಂದಳು, ಬಂದಿತು’ ಎಂಬ ಕೊನೆಗಳೇ ಲಿಂಗ-ವಚನ ಹೇಳುತ್ತವೆ. ಹಾಗಾಗಿ ಇಂಗ್ಲಿಷಿನ ಪರೀಕ್ಷೆಯನ್ನು ಸುಮ್ಮನೆ ಅನುವಾದಿಸಿ ಕನ್ನಡದ ಮಗುವಿನ ಮುಂದಿಟ್ಟರೆ ತಪಾಸಣೆ ದಾರಿ ತಪ್ಪುತ್ತದೆ.