ಚಂದ್ರಾ ದೂರದರ್ಶಕದ ಕಾವಲು

ಸರ್ ಸಿ. ವಿ. ರಾಮನ್ನರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತ 'ಚಂದ್ರಾ' ದೂರದರ್ಶಕವನ್ನು ಅಮೆರಿಕೆಯವರು 1999ರ ಜುಲೈ 23ರಂದು ಅಂತರಿಕ್ಷಕ್ಕೆ ಏರಿಸಿದರು. ಆಕಾಶಕಾಯಗಳ ಕ್ಷ-ಕಿರಣಗಳನ್ನು ನೋಡುವುದು ಅದರ ಕೆಲಸ. ಸುಮಾರು 64 ಗಂಟೆಗಳ ಪ್ರತಿ ಸುತ್ತಿನಲ್ಲೂ ಅದು ಭೂಮಿಯ ವಿಕಿರಣ ಪಟ್ಟಿಗಳನ್ನು ಹಾಯಲೇಬೇಕು.

ಪೆಟ್ಟು ಬಿದ್ದದ್ದು ಬಲು ಬೇಗ. ಎರಡು ತಿಂಗಳೊಳಗೇ ಕ್ಯಾಮೆರಾದ ಹತ್ತು ಚಿಪ್‌ಗಳಲ್ಲಿ ಎಂಟು ಮಂಕಾದವು. ಕಾರಣ ವಿಚಿತ್ರವಾದುದು: ಕ್ಷ-ಕಿರಣಗಳನ್ನು ಒಂದೆಡೆ ಕೂಡಿಸಲೆಂದು ನುಣ್ಣಗೆ ಉಜ್ಜಿದ ಕನ್ನಡಿಗಳೇ ಮಂದಶಕ್ತಿಯ ಪ್ರೋಟಾನುಗಳನ್ನೂ ಜಾರಿಸಿ ಕ್ಯಾಮೆರಾದ ಮೇಲೆ ಸುರಿದಿದ್ದವು! ಅಂದಿನಿಂದ ಪಟ್ಟಿಗಳನ್ನು ಹಾಯುವಾಗಲೆಲ್ಲ ಕ್ಯಾಮೆರಾವನ್ನು ಕನ್ನಡಿಗಳ ಎದುರಿನಿಂದ ಸರಿಸಿಡುವ ಕ್ರಮ ಬಂದಿತು.

ಪಟ್ಟಿಗಳ ವೇಳೆಯೇನೋ ಮೊದಲೇ ಗೊತ್ತು. ಸೂರ್ಯನ ಕೋಪಕ್ಕೆ ಪಂಚಾಂಗವಿಲ್ಲ. ಮೆಸಚೂಸೆಟ್ಸ್ ರಾಜ್ಯದಲ್ಲಿರುವ ನಿಯಂತ್ರಕರಿಗೆ ಚಂದ್ರಾದೊಡನೆ ಸಂಪರ್ಕ ಸಾಮಾನ್ಯವಾಗಿ ಎಂಟು ಗಂಟೆಗೊಮ್ಮೆ ಮಾತ್ರ. ಉಳಿದ ಹೊತ್ತಿನಲ್ಲಿ ವಿಕಿರಣ ಮಿತಿಮೀರಿದರೆ ಒಳಗಿನ ಗಣಕವೇ ವೀಕ್ಷಣೆಯನ್ನು ನಿಲ್ಲಿಸಿ ಕ್ಯಾಮೆರಾವನ್ನು ಸರಿಸಿಬಿಡುತ್ತದೆ. ಆದರೆ ನಿಜವಾಗಿ ಹಾನಿಮಾಡುವ ಮಂದ ಪ್ರೋಟಾನುಗಳು ಅದರ ಮೊದಲ ಮಾಪಕಕ್ಕೆ ಕಾಣುತ್ತಿರಲಿಲ್ಲ. ಆದುದರಿಂದ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಸೂರ್ಯನ ದಿಕ್ಕಿನಲ್ಲಿ ನಿಲ್ಲಿಸಿದ್ದ 'ಏಸ್' ನೌಕೆಯ ಅಂಕಿಗಳನ್ನು ನೋಡುತ್ತ, ಹೊತ್ತಲ್ಲದ ಹೊತ್ತಿನಲ್ಲೂ ದೂರವಾಣಿಯಲ್ಲಿ ಕೂಡಿ ಮನುಷ್ಯರೇ ತೀರ್ಮಾನಿಸಬೇಕಾಯಿತು. ಸುಮ್ಮಸುಮ್ಮನೆ ನಿಲ್ಲಿಸಿದರೆ ತಿಂಗಳುಗಟ್ಟಲೆ ಕಾದ ಖಗೋಳಜ್ಞನ ಸರದಿ ತಪ್ಪುತ್ತದೆ. ತಡಮಾಡಿದರೆ ಕಣ್ಣೇ ಹೋಗುತ್ತದೆ. ಬ್ಯಾಂಕಿನ ಯಾವ ಲೆಕ್ಕವೂ ಇಷ್ಟು ಕಠಿಣವಲ್ಲವೆಂದು ನನ್ನ ಎಣಿಕೆ.

2003ರ ಅಕ್ಟೋಬರ್ 28ರಂದು ಸೂರ್ಯನಲ್ಲಿ ಮಹಾಸ್ಫೋಟವಾದಾಗ ಚಂದ್ರಾದ ವೀಕ್ಷಣೆ ನಿಂತಿತು. ಕ್ಯಾಮೆರಾ ಮರೆಯಲ್ಲಿ ಕುಳಿತಿತು; ಬಿರುಗಾಳಿ ಇಳಿದ ಮೇಲೆಯೇ ಕೆಲಸ ಮತ್ತೆ ಮೊದಲಾದುದು.