ತುಪ್ಪವಿಲ್ಲದ ವಾಂಗೀಬಾತ್

ವಾಂಗೀಬಾತ್ ಹಳೇ ಮೈಸೂರು ಭಾಗದ ಮನೆ, ಹೋಟೆಲು, ಮದುವೆ ಊಟ ಎಲ್ಲದಕ್ಕೂ ಸಲ್ಲುವ ಕಲಸನ್ನ. ಅನ್ನ, ಬದನೆಕಾಯಿ, ಹುಣಸೆಹಣ್ಣು, ಬೆಲ್ಲ, ಹುರಿದು ಕುಟ್ಟಿದ ಮಸಾಲೆಪುಡಿ ಸೇರಿದರೆ ಆಯಿತು. ಹಾಲು, ಮೊಸರಿನ ಹಂಗು ಇದಕ್ಕಿಲ್ಲ. ವೀಗನ್ ಆಹಾರ ಪಾಲಿಸುವವರು ಕೊನೆಯಲ್ಲಿ ಬಡಿಸುವ ತುಪ್ಪವೊಂದನ್ನು ಬಿಟ್ಟರೆ ಸಾಕು. ಇದರ ರುಚಿ ನಿಂತಿರುವುದು ಪುಡಿಯ ಮೇಲೆ, ಧಾರಾಳವಾಗಿ ಹಾಕಿದ ಕಡಲೆಕಾಯಿ ಎಣ್ಣೆಯ ಮೇಲೆ.

ಬದನೆಕಾಯಿ

ಉದ್ದನೆಯ ಹಸಿರು ಬದನೆ ಇದಕ್ಕೆ ಒಪ್ಪುತ್ತದೆ. ಮೈಸೂರಿನವರು ಈರನಗೆರೆ ಬದನೆಯನ್ನೇ ಹುಡುಕಿ ತರುತ್ತಾರೆ. ತೊಟ್ಟು ಹಸಿರಾಗಿ, ಸಿಪ್ಪೆ ಹೊಳೆಯುತ್ತಿರಬೇಕು. ಬೀಜ ಬಲಿತದ್ದು ಕಹಿಯಾಗಬಹುದು. ಹೆಚ್ಚಿದ ಬದನೆ ಗಾಳಿ ತಾಗಿದೊಡನೆ ಕಪ್ಪಾಗುವುದರಿಂದ ಹೋಳುಗಳು ನೇರ ಉಪ್ಪುನೀರಿಗೆ ಬೀಳಲಿ.

ಪುಡಿ

ಒಂದು ಲೋಟ ಅಕ್ಕಿಗೆ ಎರಡು ಚಮಚ ಧನಿಯಾ, ಒಂದೊಂದು ಚಮಚ ಕಡಲೆಬೇಳೆ ಮತ್ತು ಉದ್ದಿನಬೇಳೆ, ಆರು ಬ್ಯಾಡಗಿ ಮೆಣಸಿನಕಾಯಿ, ಒಂದಿಂಚು ಚಕ್ಕೆ, ನಾಲ್ಕು ಲವಂಗ, ಎರಡು ಮರಾಠಿ ಮೊಗ್ಗು, ಎರಡು ಚಮಚ ಕೊಬ್ಬರಿ ತುರಿ. ಮರಾಠಿ ಮೊಗ್ಗನ್ನು ಮಾತ್ರ ಬಿಡಬೇಡಿ. ವಾಂಗೀಬಾತಿನ ಗುರುತು ಅದರ ಘಮದಲ್ಲಿದೆ; ಅದಿಲ್ಲದಿದ್ದರೆ ಸಾರಿನ ಪುಡಿ ಕಲಸಿದ ಅನ್ನದಂತಾಗುತ್ತದೆ.

2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು. ಹಾಗಾಗಿ ಪುಡಿ ಎಣ್ಣೆಗೆ ಬಿದ್ದ ಮೇಲೆಯೇ ಅನ್ನಕ್ಕೆ ಬಣ್ಣ ಹತ್ತುತ್ತದೆ.

ಹುರಿಯುವಾಗ ಆತುರ ಸಲ್ಲದು. ಬೇಳೆಗಳು ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಬರಲಿ. ಆಮೇಲೆ ಧನಿಯಾ, ಚಕ್ಕೆ, ಲವಂಗ, ಮೊಗ್ಗು. ಮೆಣಸಿನಕಾಯಿಗೆ ಹನಿ ಎಣ್ಣೆ ಬೇಕು. ಒಲೆ ಆರಿಸಿ ಆ ಬಿಸಿಗೇ ಕೊಬ್ಬರಿ ಸೇರಿಸಿ, ಆರಿದ ಮೇಲೆ ಸ್ವಲ್ಪ ತರಿಯಾಗಿ ಪುಡಿಮಾಡಿ. ತಿಂಗಳಿಗಾಗುವಷ್ಟು ಮಾಡಿಡುವವರು ಕೊಬ್ಬರಿಯನ್ನು ಅಡುಗೆಯ ದಿನವೇ ಹಾಕುವುದು ಒಳ್ಳೆಯದು. ಇಲ್ಲದಿದ್ದರೆ ಪುಡಿ ಬೇಗ ಕಮಟುತ್ತದೆ.

ಗೊಜ್ಜು ಮತ್ತು ಅನ್ನ

ಸೋನಾ ಮಸೂರಿ ಅಕ್ಕಿಯ ಅನ್ನವನ್ನು ಉದುರುದುರಾಗಿ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ, ಒಂದು ಚಮಚ ಎಣ್ಣೆ ಸವರಿ ಆರಲು ಬಿಡಿ. ಬಿಸಿ ಅನ್ನ ಕಲಸಿದರೆ ಮುದ್ದೆಯಾಗುತ್ತದೆ.

ಬಾಣಲೆಗೆ ನಾಲ್ಕು ಚಮಚ ಎಣ್ಣೆ. ಬದನೆಯ ತಿರುಳು ಎಣ್ಣೆ ಹೀರುವುದರಿಂದ ಜಿಪುಣತನ ಮಾಡಿದರೆ ತಳ ಹಿಡಿಯುತ್ತದೆ. ಸಾಸಿವೆ, ಕಡಲೆಬೇಳೆ, ಕಡಲೆಕಾಯಿ ಬೀಜ, ಇಂಗು, ಕರಿಬೇವು, ಅರಿಶಿನದ ಒಗ್ಗರಣೆಯ ಮೇಲೆ ನೀರು ಸೋಸಿದ ಹೋಳುಗಳನ್ನು ಹಾಕಿ. ಅವು ಮುಕ್ಕಾಲು ಬೆಂದ ನಂತರವೇ ಹುಣಸೆ ರಸ ಹಾಕಬೇಕು, ಏಕೆಂದರೆ ಹುಳಿ ಬಿದ್ದ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಉಪ್ಪು, ಚೂರು ಬೆಲ್ಲ, ಎರಡು ಮೂರು ಚಮಚ ಪುಡಿ ಸೇರಿಸಿ ಕುದಿಸಿ. ಗೊಜ್ಜು ಗಟ್ಟಿಯಾಗಿ ಅಂಚಿನಲ್ಲಿ ಕೆಂಪು ಎಣ್ಣೆ ಬಿಟ್ಟಾಗ ಇಳಿಸಿ, ಹೋಳು ಮುರಿಯದಂತೆ ಸೌಟಿನ ಹಿಡಿಯಿಂದ ಅನ್ನಕ್ಕೆ ಕಲಸಿ.

ಜೊತೆಗೆ

ಅರ್ಧ ಗಂಟೆ ಮುಚ್ಚಿಟ್ಟರೆ ಹುಳಿ, ಖಾರ ಅನ್ನಕ್ಕೆ ಇಳಿಯುತ್ತದೆ. ರೂಢಿಯ ಮೊಸರುಬಜ್ಜಿಯ ಬದಲು ಸೌತೆಕಾಯಿ, ಹೆಸರುಬೇಳೆಯ ಕೋಸಂಬರಿ ಚೆನ್ನಾಗಿ ಹೊಂದುತ್ತದೆ. ಬದನೆ ಒಗ್ಗದವರು ಇದೇ ಪುಡಿಯಲ್ಲಿ ದೊಣ್ಣೆಮೆಣಸಿನಕಾಯಿ ಬಾತ್ ಮಾಡಬಹುದು. ಅದಕ್ಕೆ ಹುಣಸೆ ಸ್ವಲ್ಪ ಕಡಿಮೆ ಸಾಕು.