ತೂಬಿನ ಬಳಿಯ ವಿಜ್ಞಾನಿ

ಕಡೂರು ತಾಲ್ಲೂಕಿನ ನಮ್ಮ ಹಿರೇನಲ್ಲೂರಿನ ಕಡೆಯವರಿಗೆ ಕೆರೆಯ ಬೆಲೆ ಗೊತ್ತು. ಕೆರೆಯ ನೀರನ್ನು ಹಂಚುವ ನೀರುಗಂಟಿಯ ಬೆಲೆಯೂ ಗೊತ್ತು. ತೂಬು ಎತ್ತುವವನಿಗೆ ಬೇಸಾಯದ ಅರಿವು ಬೇಕೇ ಬೇಕು. ಆದರೆ ಅವನದೂ ಒಂದು ಗದ್ದೆ ಇದ್ದರೆ ಊರಿನ ಕಣ್ಣು ಅವನ ಮೇಲಿರುತ್ತದೆ. ಸಂಶೋಧನೆಗೆ ಹಣ ಹಂಚುವ ಅಧಿಕಾರ ಸಂಶೋಧಕನ ಕೈಗೇ ಬಂದಾಗಲೂ ಏಳುವ ಪ್ರಶ್ನೆ ಇದೇ. 1925ರಲ್ಲಿ ತುಮಕೂರಿನಲ್ಲಿ ಜನಿಸಿದ ಡಾ. ರಾಜಾ ರಾಮಣ್ಣನವರ ಬಾಳನ್ನು ನಾನು ಈ ಪ್ರಶ್ನೆಯೊಡನೆ ನೋಡಬಯಸುತ್ತೇನೆ.

ಇದರ ಬೇರು ಇರುವುದು ಬೆಂಗಳೂರಿನಲ್ಲಿ. ಅಲ್ಲಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸುತ್ತಿದ್ದ ಹೋಮಿ ಭಾಭಾ, 1944ರ ಮಾರ್ಚ್ ತಿಂಗಳಲ್ಲಿ ದೊರಾಬ್ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದು ಭೌತವಿಜ್ಞಾನಕ್ಕೊಂದು ಸಂಸ್ಥೆಯನ್ನು ಬೇಡಿದರು. ತಜ್ಞರಿಗಾಗಿ ದೇಶವು ಹೊರಗೆ ಕೈಚಾಚಬಾರದೆಂಬುದು ಅವರ ವಾದ. 1945ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದೇ ವರ್ಷ ಮುಂಬಯಿಗೆ ಹೋಯಿತು. ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದ ರಾಮಣ್ಣ 1949ರಲ್ಲಿ ಅದನ್ನು ಸೇರಿದರು.

ಪರಮಾಣು ಬೀಜದ ವಿದಳನ ಅವರ ಅಧ್ಯಯನದ ವಿಷಯ. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ‘ಅಪ್ಸರಾ’ ರಿಯಾಕ್ಟರ್ ಚಾಲನೆಗೊಂಡಾಗ ಅದನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಮರುವರ್ಷವೇ ಅಲ್ಲಿ ತರಬೇತಿ ಶಾಲೆ ತೆರೆಯಿತು. ಅದನ್ನು ರೂಪಿಸುವುದರಲ್ಲಿ ರಾಮಣ್ಣನವರ ಪಾತ್ರ ಹಿರಿದು. ಯಂತ್ರಕ್ಕೆ ಹಣ ಸುರಿಯುವುದು ಸುಲಭ, ಯಂತ್ರವನ್ನು ಬಲ್ಲ ಮನುಷ್ಯನನ್ನು ಬೆಳೆಸುವುದು ಕಷ್ಟ. ಪ್ರಯೋಗಶಾಲೆಯಲ್ಲಿ ಕೈ ಮಸಿ ಮಾಡಿಕೊಂಡವನಿಗೆ ಮಾತ್ರ ಹೊಳೆಯುವ ವಿವೇಕ ಇದು.

ಮುಂದೆ ಅಧಿಕಾರ ಬಂತು. 1972ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು; 1978ರಿಂದ 1981ರವರೆಗೆ ರಕ್ಷಣಾ ಸಂಶೋಧನೆಯ ಹೊಣೆ ಹೊತ್ತರು; 1983ರಿಂದ 1987ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಕಲ್ಕತ್ತೆಯ ಸೈಕ್ಲೋಟ್ರಾನಿಗೂ, ಲೇಸರ್ ಮತ್ತು ವೇಗವರ್ಧಕಗಳಿಗೆ ಮೀಸಲಾದ ಇಂದೂರಿನ ಕೇಂದ್ರಕ್ಕೂ ಅವರ ಬೆಂಬಲ ದೊರೆಯಿತು. ನೀರು ಒಂದೇ ಗದ್ದೆಗೆ ಹರಿಯಲಿಲ್ಲ, ನಿಜ. ಆದರೆ 1974ರ ಮೇ 18ರ ಪೋಖ್ರಾನ್ ಪ್ರಯೋಗದ ಸಿದ್ಧತೆಯನ್ನು ನಡೆಸಿದವರೂ ಅವರೇ. ಅಂಥ ಕೆಲಸದ ಲೆಕ್ಕವನ್ನು ಊರು ಕೇಳುವಂತಿರಲಿಲ್ಲ. ವಿಜ್ಞಾನವೆಲ್ಲ ಸರ್ಕಾರಿ ಸಂಸ್ಥೆಗಳಲ್ಲಿ ಕೇಂದ್ರೀಕೃತವಾದರೆ ವಿಶ್ವವಿದ್ಯಾಲಯಗಳು ಬಡವಾಗುತ್ತವೆಂಬ ಆತಂಕವನ್ನು ಮೇಘನಾದ ಸಾಹಾ ಬಹಳ ಹಿಂದೆಯೇ ವ್ಯಕ್ತಪಡಿಸಿದ್ದರು. ಆ ಆತಂಕ ಹುಸಿಯೆಂದು ನಾನು ಹೇಳಲಾರೆ.

1988ರಲ್ಲಿ, ಜೆ.ಆರ್.ಡಿ. ಟಾಟಾ ಅವರ ಆಶಯದಂತೆ, ಬೆಂಗಳೂರಿನಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಆರಂಭವಾದಾಗ ರಾಮಣ್ಣನವರೇ ಅದರ ಮೊದಲ ನಿರ್ದೇಶಕರು. ವಿಜ್ಞಾನಿ, ಆಡಳಿತಗಾರ, ಸಮಾಜಶಾಸ್ತ್ರಜ್ಞರು ಒಂದೆಡೆ ಕೂತು ಚರ್ಚಿಸುವ ಜಾಗ ಅದು. ಪಿಯಾನೋ ನುಡಿಸುತ್ತಿದ್ದ, ರಾಗಪದ್ಧತಿ ಮತ್ತು ಪಾಶ್ಚಾತ್ಯ ಸಂಗೀತಗಳನ್ನು ಕುರಿತು ಗ್ರಂಥ ಬರೆದ ಮನಸ್ಸಿಗೆ ಅದು ಒಪ್ಪುವ ಕೆಲಸ. 2004ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

ಅವರ ಬಾಳಿನಿಂದ ನನಗೆ ಸ್ಪಷ್ಟವಾಗುವುದು ಇಷ್ಟು: ಹಣ ಹಂಚುವವನು ವಿಜ್ಞಾನವನ್ನು ಬಲ್ಲವನಾಗಿರಲೇಬೇಕು, ಆದರೆ ಅವನ ಪಾಂಡಿತ್ಯವೇ ಅವನು ಒಪ್ಪಿಸಬೇಕಾದ ಲೆಕ್ಕವಾಗಬಾರದು.